ಸಣ್ಣಸ್ವಾಮಿ ಗೇಮ್ ಮೋಡ್ ಬಂದ್ ಮಾಡಿದ್ದು

ತೋಟದ ತುಂಬ ಕಾಫಿ ಕೆಂಪಗೆ ಹಣ್ಣಾಗಿ ನಿಂತಿದೆ. ಕೊಯ್ಯಲು ಆಳುಗಳಿದ್ದಾರೆ, ಬುಟ್ಟಿಗಳಿವೆ, ಒಣಹಾಕಲು ಕಣವನ್ನು ಗುಡಿಸಿ ಸಾರಿಸಿಯೂ ಆಗಿದೆ. ಆದರೂ ಒಂದೇ ಒಂದು ಹಣ್ಣನ್ನು ಮುಟ್ಟುವಂತಿಲ್ಲ, ಏಕೆಂದರೆ ಮನೆಯ ಹಿರಿಯಮ್ಮ ಗೋಧಿ ಕೊಯ್ಲಿನಲ್ಲಿ ಮುಳುಗಿದ್ದಾರೆ. ಇಂಥ ಸಂಕಟ ಕೊಡಗಿನ ಬೇರೆ ಯಾವ ಬೆಳೆಗಾರನಿಗಾದರೂ ಬಂದದ್ದುಂಟೋ ಇಲ್ಲವೋ, ಕೊಡ್ಲಿಪೇಟೆಯ ಆಚೆ ಏಳೆಕರೆ ತೋಟ ಮಾಡಿಕೊಂಡಿರುವ ಸಣ್ಣಸ್ವಾಮಿಗಂತೂ ಬಂದಿತ್ತು. ಕೊಡಗಿನಲ್ಲಿ ಗೋಧಿ ಎಲ್ಲಿ ಬೆಳೆಯುತ್ತದೆ ಎಂದು ಓದುಗರು ಹುಬ್ಬೇರಿಸುವುದು ನ್ಯಾಯವೇ. ಆ ಗೋಧಿ ಬೆಳೆದು ನಿಂತಿದ್ದದ್ದು ಸಣ್ಣಸ್ವಾಮಿಯ ಮನೆಯ ನಡುಕೋಣೆಯಲ್ಲಿ, ಗೋಡೆಗೆ ಒತ್ತಿಟ್ಟ ಮೇಜಿನ ಮೇಲೆ, ಮಗಳು ದಿವ್ಯಶ್ರೀಯ ಕಂಪ್ಯೂಟರಿನ ಹೊಟ್ಟೆಯೊಳಗೆ.

ಇದನ್ನು ಬುಡದಿಂದಲೇ ಹೇಳಬೇಕು. ಈ ಮನೆತನದವರು ಹಿಂದೊಮ್ಮೆ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಗಾಡಿಯಲ್ಲಿ ಹೇರಿಕೊಂಡು ಬಂದ ಒನಕೆ, ಬೀಸುವ ಕಲ್ಲುಗಳ ಜೊತೆಗೆ ಎರಡು ಕಟ್ಟಳೆಗಳನ್ನೂ ತಂದಿದ್ದರು. ಯಾವ ಫಸಲೇ ಆಗಲಿ, ಮೊದಲ ಹಿಡಿ ಮನೆಯ ಹಿರಿಯ ಹೆಂಗಸಿನ ಕೈಯಿಂದಲೇ ಆಗಬೇಕು ಎಂಬುದು ಮೊದಲನೆಯದು. ಒಂದು ಫಸಲು ಕೊನೆಯ ಕಾಳಿನ ತನಕ ಕಣಜ ಸೇರದೆ ಇನ್ನೊಂದಕ್ಕೆ ಕೈ ಹಚ್ಚಬಾರದು ಎಂಬುದು ಎರಡನೆಯದು. ಗದ್ದೆಯಿದ್ದ ಕಾಲದಲ್ಲಿ ಭತ್ತಕ್ಕೂ ಕಾಫಿಗೂ ಡಿಸೆಂಬರಿನಲ್ಲಿ ಜಗಳ ಬೀಳುತ್ತಿದ್ದುದರಿಂದ ಈ ಎರಡನೆಯ ಕಟ್ಟಳೆಗೆ ಕೈತುಂಬ ಕೆಲಸವಿತ್ತು. ಸಣ್ಣಸ್ವಾಮಿ ಗದ್ದೆಯನ್ನೂ ಎತ್ತರಿಸಿ ಕಾಫಿ ಹಾಕಿದ ಮೇಲೆ ಅದು ಮೂಲೆಯಲ್ಲಿ ಮಲಗಿ ಗೊರಕೆ ಹೊಡೆಯತೊಡಗಿತು. (ಗದ್ದೆ ಹೋದದ್ದಕ್ಕೆ ತಾಯಿ ನಿಂಗಮ್ಮ ಮಗನನ್ನು ಕ್ಷಮಿಸಿರಲಿಲ್ಲ. ‘ಅನ್ನ ಬೆಳೆಯೋ ಜಾಗದಲ್ಲಿ ಕಷಾಯ ಬೆಳ್ದ’ ಎಂಬುದು ಆಕೆ ನೆಂಟರಿಗೆಲ್ಲ ಮಗನನ್ನು ಪರಿಚಯಿಸುವ ರೀತಿ.)

ಆ ಕಟ್ಟಳೆಯನ್ನು ತಟ್ಟಿ ಎಬ್ಬಿಸಿದ್ದು ದಿವ್ಯಶ್ರೀ. ಬಿ.ಕಾಂ. ಓದುತ್ತಿದ್ದ ಆಕೆ ಬೇಸರ ಕಳೆಯಲೆಂದು ಕಂಪ್ಯೂಟರಿನಲ್ಲಿ ಒಂದು ಬೇಸಾಯದ ಆಟ ತಂದು ಹಾಕಿಕೊಂಡಿದ್ದಳು. ಯಾವುದೋ ಸೀಮೆಯ ಅಗಲವಾದ ಹೊಲ, ಆನೆಯಷ್ಟು ದೊಡ್ಡ ಟ್ರಾಕ್ಟರು, ಉಳುವುದು, ಬಿತ್ತುವುದು, ಕೊಯ್ಯುವುದು. ಒಂದು ಮಧ್ಯಾಹ್ನ ಕನ್ನಡಕ ಹುಡುಕುತ್ತ ಆ ಕಡೆ ಹಾದುಹೋದ ನಿಂಗಮ್ಮ ಅಲ್ಲಿಯೇ ನಿಂತರು.

“ಯಾರೇ ಅದು, ಹೊಲ್ದಾಗೆ ಅಡ್ಡಡ್ಡ ಗಾಡಿ ಹೊಡೀತಿರೋದು? ಬದುವಿನ ಪಕ್ಕದಿಂದ ಹಿಡೀಬೇಕು ಸಾಲು!”

“ಅಜ್ಜಿ, ಇದು ಆಟ.”

“ಆಟ ಆದ್ರೇನೆ, ನೆಲ ನೆಲಾನೆ. ಸರ್ಕೋ ಅತ್ಲಾಗೆ.”

ಹೀಗೆ ಪ್ರವೇಶ ಪಡೆದ ನಿಂಗಮ್ಮ ವಾರ ಕಳೆಯುವುದರೊಳಗೆ ಆ ಸೀಮೆಯ ಸರ್ವಾಧಿಕಾರಿಯಾದರು. ಪರೀಕ್ಷೆ ಬಂತೆಂದು ದಿವ್ಯಶ್ರೀ ಕುರ್ಚಿ ಬಿಟ್ಟುಕೊಟ್ಟಾಗ ಸೊಸೆ ವೀಣಾ ಅದರಲ್ಲಿ ಕುಳಿತಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಗಂಡ ಸಣ್ಣಸ್ವಾಮಿ ಒಂದು ದಿನವೂ ಉಳುವ ಟಿಲ್ಲರಿನ ಹಿಡಿ ಮುಟ್ಟಲು ಬಿಟ್ಟವನಲ್ಲ. (“ಹೆಂಗಸ್ರ ಕೈಗೆ ಅದು ಬಗ್ಗಲ್ಲ ಬುಡು.”) ಆ ವೀಣಾ ಈಗ ಹತ್ತು ಬೆರಳಿನಲ್ಲಿ ಟ್ರಾಕ್ಟರನ್ನು ಕುಣಿಸುತ್ತಿದ್ದಳು. ಪಕ್ಕದ ಮುಕ್ಕಾಲಿಯ ಮೇಲೆ ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಕೋಲು ಹಿಡಿದು ಕುಳಿತ ನಿಂಗಮ್ಮ ಪರದೆಯ ಮೇಲೆ ಗುರುತು ತೋರಿಸುತ್ತಿದ್ದರು. ಕೋಲಿನ ತುದಿ ತಾಗಿ ಗಾಜಿನ ಮೇಲೆ ಗೀಚು ಬಿದ್ದಿತ್ತು. ಆ ಗೀಚನ್ನು ಅತ್ತೆ ಸೊಸೆ ಇಬ್ಬರೂ ಹೊಲದ ಬದು ಎಂದೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಸಣ್ಣಸ್ವಾಮಿಯ ಕಾಫಿ ಆರುತ್ತಿತ್ತು, ರೊಟ್ಟಿ ಕರಕಲಾಗುತ್ತಿತ್ತು. ಅದನ್ನೆಲ್ಲ ಆತ ಸಹಿಸಿಕೊಂಡ. ಸಹಿಸಲಾಗದ್ದು ಒಂದೇ. ಗೋಧಿ ಹಣ್ಣಾಗಿ ಕೊಯ್ಲು ಆರಂಭವಾದ ದಿನವೇ ತೋಟದಲ್ಲಿ ಕಾಫಿಯೂ ಹಣ್ಣಾಯಿತು.

ಇಷ್ಟಾದರೂ ಆತಂಕವಿರುತ್ತಿರಲಿಲ್ಲ, ಗೋಧಿಯೇನು ಒಂದು ಸಂಜೆಯ ಕೆಲಸ ಎನ್ನಬಹುದಾಗಿತ್ತು. ಆದರೆ ಕಂಪ್ಯೂಟರಿನ ಕಟಾವು ಯಂತ್ರಕ್ಕೆ ಏನೋ ರೋಗ ಬಡಿದಿತ್ತು. ಎರಡು ಮಾರು ಹೋಗಿ ತಟಕ್ಕನೆ ನಿಲ್ಲುತ್ತಿತ್ತು, ಯೋಚಿಸುತ್ತಿತ್ತು, ಮತ್ತೆ ಎರಡು ಮಾರು ಹಾರುತ್ತಿತ್ತು. ನಿಲ್ಲಿಸಬೇಕೆಂದ ಕಡೆ ನಿಲ್ಲದೆ ಬೇಲಿಗೆ ಹೋಗಿ ಮುತ್ತಿಡುತ್ತಿತ್ತು. ವೀಣಾ ಬೆವರಿಳಿಸುತ್ತ ಎಷ್ಟು ಕುಳಿತರೂ ಹೊಲದ ಒಂದು ಅಂಚು ಕೂಡ ಬೋಳಾಗಲಿಲ್ಲ.

“ಡೀಸೆಲ್ಲಿಗೆ ನೀರು ಸೇರ್ಕಂಡದೆ,” ಎಂದು ನಿಂಗಮ್ಮ ರೋಗನಿದಾನ ಮಾಡಿದರು. “ಸಣ್ಣ, ಬಂದು ಒಂದೀಟು ನೋಡ್ಲಾ.”

“ಅದ್ರಲ್ಲಿ ಡೀಸೆಲ್ ಎಲ್ಲಿ ಅದೆ ಅವ್ವ! ಕರೆಂಟಲ್ಲಿ ಓಡೋದು ಅದು.”

“ಅದುಕ್ಕೇ ಹಿಂಗೆ ನೆಗೀತಾ ಅದೆ.”

ಶನಿವಾರ ಬೆಳಿಗ್ಗೆ ಕೊಯ್ಲಿನ ಮೇಸ್ತ್ರಿ ಚೋಮ ಬಂದು ಅಂಗಳದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತ. ಆತನ ಮಾತಿನಲ್ಲಿ ಬಿಸಿಯಿರಲಿಲ್ಲ, ಆದ್ದರಿಂದಲೇ ಅದು ಸುಟ್ಟಿತು.

“ಗೌಡ್ರೆ, ನಮ್ ಹೆಂಗಸ್ರು ಬುಟ್ಟಿ ಹಿಡ್ಕಂಡು ಸುಮ್ನೆ ಕೂತವ್ರೆ. ಮಾದಾಪುರದಿಂದ ದೇರಪ್ಪನವರು ಅವ್ರ ತೋಟಕ್ಕೆ ಬನ್ನಿ ಅಂತ ದಿನಾ ಫೋನ್ ಮಾಡ್ತಾವ್ರೆ. ಸೋಮಾರ ಬೆಳಿಗ್ಗೆ ನೀವು ಶುರು ಮಾಡುದ್ರೆ ಸರಿ. ಇಲ್ಲ ಅಂದ್ರೆ ನಮ್ ಗ್ಯಾಂಗು ಜೀಪ್ ಹತ್ತೋದೆ.”

“ಶುರು ಮಾಡಾಣ ಕಣೋ, ಮಾಡಾಣ.”

“ಅವ್ವೋರು ಒಂದು ಹಿಡಿ ಕಿತ್ ಕೊಟ್ಬುಟ್ರೆ ಸಾಕು ನಮ್ಗೆ. ಅವ್ರು ಒಳ್ಗೆ ಏನ್ ಮಾಡ್ತಾವ್ರೆ?”

ಒಳಗಿನಿಂದ “ಎಡಕ್ಕೆ, ಎಡಕ್ಕೆ, ಅಯ್ಯೋ ತೆನೆ ತುಳೀತಲ್ಲೇ!” ಎಂಬ ಅವ್ವೋರ ಕೂಗು ತಾನೇ ಉತ್ತರ ಕೊಟ್ಟಿತು.

ಚೋಮನ ಗ್ಯಾಂಗು ಹೋದರೆ ಈ ಹೊತ್ತಿನಲ್ಲಿ ಇನ್ನೊಂದು ಗ್ಯಾಂಗು ಸಿಗುವುದಿಲ್ಲ. ಹಣ್ಣು ಮಾಗಿ ನೆಲಕ್ಕುದುರುತ್ತದೆ, ಉದುರಿದ್ದು ಕೊಳೆಯುತ್ತದೆ, ಉಳಿದದ್ದನ್ನು ಮಂಗಗಳು ವಿಲೇವಾರಿ ಮಾಡುತ್ತವೆ. ಸಣ್ಣಸ್ವಾಮಿ ಒಳಗೆ ಹೋಗಿ ತಾಯಿಯ ಮುಕ್ಕಾಲಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತ.

“ಅವ್ವ, ಸೋಮಾರ ಬೆಳಿಗ್ಗೆ ಬಂದು ಒಂದು ಹಿಡಿ ಕಿತ್ಬುಡು. ಆಮೇಲೆ ಬಂದು ನಿನ್ ಗೋಧಿ ನೋಡ್ಕೊ.”

“ಕೈ ಹಚ್ಚಿರೋ ಹೊಲ ಬುಟ್ಟು ಬರಕ್ಕಾಯ್ತದಾ? ನಿಮ್ಮಪ್ಪ ಒಂದ್ ಸಲ ಹಂಗೇ ಭತ್ತ ಬುಟ್ಟು ಕಾಫಿಗೆ ಕೈ ಹಾಕುದ್ರು. ಏಣಿಯಿಂದ ಬಿದ್ದು ಮೂರ್ ತಿಂಗ್ಳು ಮಲ್ಗಿದ್ರು.”

“ಅಪ್ಪ ಬಿದ್ದಿದ್ದು ಕರಿಮೆಣಸು ಕುಯ್ಯೋ ಏಣಿಯಿಂದ. ಮೆಣಸಿಗೂ ಭತ್ತಕ್ಕೂ ಏನವ್ವ ಸಂಬಂಧ?”

“ಬಿದ್ರೋ ಇಲ್ವೋ?”

ತಂದೆ ಬಿದ್ದದ್ದು ನಿಜವಾಗಿದ್ದುದರಿಂದ ಸಣ್ಣಸ್ವಾಮಿಯ ವಾದ ಅಲ್ಲಿಗೇ ಬಿದ್ದುಹೋಯಿತು. ವೀಣಾ ಪರದೆಯಿಂದ ಕಣ್ಣು ಕೀಳದೆ, “ನಂಗೇನು ಇಷ್ಟಾನಾ ಇಲ್ಲಿ ಕೂರಕ್ಕೆ? ಮಿಷನ್ನೇ ಓಡ್ದಿದ್ರೆ ನಾನೇನ್ ಮಾಡ್ಲಿ? ಮನೆ ಯಜಮಾನ್ರು ಅನ್ನಿಸ್ಕೊಂಡೋರು ಒಂದು ಮಿಷನ್ ರಿಪೇರಿ ಮಾಡ್ಸಲ್ಲ,” ಎಂದಳು.

ಆಟವನ್ನು ಅಳಿಸಿಹಾಕಬಹುದಿತ್ತು. ಆದರೆ ನಿಂತ ಪೈರಿಗೆ ಕಿಚ್ಚಿಟ್ಟ ಮಗ ಎಂಬ ಹೆಸರು ಹೊತ್ತು ಬದುಕುವ ಧೈರ್ಯ ಆತನಿಗಿರಲಿಲ್ಲ. ಆಟ ತಾನಾಗಿಯೇ ನಿಂತಂತೆ ಕಾಣಬೇಕು, ಯಾರ ಕೈವಾಡವೂ ತಿಳಿಯಬಾರದು, ಬೆಳೆ ನೈಸರ್ಗಿಕ ವಿಕೋಪಕ್ಕೆ ತುತ್ತಾಯಿತೆಂದು ಅವ್ವ ನಂಬಬೇಕು. ಈ ಉಪಾಯ ಹುಡುಕುತ್ತ ಆತ ಕೊಡ್ಲಿಪೇಟೆಯ ದೀಪಕನ ಮೊಬೈಲ್ ಅಂಗಡಿಗೆ ಹೋದ.

ದೀಪಕ್ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಫೋನಿನ ಕರುಳು ಬಿಚ್ಚುತ್ತಿದ್ದ.

“ದೀಪು, ಕಂಪ್ಯೂಟ್ರಲ್ಲಿ ಆಟಕ್ಕೆಲ್ಲ ಸೇರಿ ಒಂದೇ ಸ್ವಿಚ್ ಅಂತ ಏನಾದ್ರೂ ಅದಾ?”

“ಸೆಟ್ಟಿಂಗ್ಸ್‌ಗೆ ಹೋದ್ರೆ ಗೇಮಿಂಗ್ ಅಂತ ಇರ್ತದೆ ಸಣ್ಣಣ್ಣ. ಅದ್ರೊಳಗೆ ಗೇಮ್ ಮೋಡ್. ಆನ್ ಆಫ್ ಮಾಡ್ಬೋದು. ಯಾಕಂದ್ರೆ ಅದು…”

ಅಷ್ಟರಲ್ಲಿ ದೀಪಕನ ಫೋನು ಬಡಿದುಕೊಂಡಿತು. ಆತ ಅದನ್ನು ಕಿವಿಗೆ ಹಿಡಿಯುವ ಮೊದಲೇ ಸಣ್ಣಸ್ವಾಮಿ ಅಂಗಡಿಯ ಮೆಟ್ಟಿಲಿಳಿದು ಜೀಪಿನೊಳಗಿದ್ದ. ‘ಅದು’ ಏನೆಂದು ದೀಪಕ್ ಹೇಳಬೇಕಾಗಿಯೇ ಇರಲಿಲ್ಲ. ಕಾಲು ಶತಮಾನ ಟಿಲ್ಲರ್ ಓಡಿಸಿದವನಿಗೆ ಅಷ್ಟು ತಿಳಿಯದೇ? ಟಿಲ್ಲರಿನಲ್ಲಿ ಉಳುವುದಕ್ಕೆ ಒಂದು ಲಿವರ್ ಇರುತ್ತದೆ. ಅದನ್ನು ಕಳಚಿದರೆ ಎಂಜಿನ್ ಗುಡುಗುಟ್ಟುತ್ತಲೇ ಇರುತ್ತದೆ, ಗಾಡಿ ರಸ್ತೆಯ ಮೇಲೆ ಸುಖವಾಗಿ ಹೋಗುತ್ತದೆ, ಆದರೆ ಹಿಂದಿನ ಹಲ್ಲು ತಿರುಗುವುದಿಲ್ಲ, ಒಂದು ಹೆಂಟೆಯನ್ನೂ ಒಡೆಯುವುದಿಲ್ಲ. ಗೇಮ್ ಮೋಡ್ ಎಂದರೆ ಅದೇ ಲಿವರ್! ಅದನ್ನು ಕಳಚಿದರೆ ದಿವ್ಯಶ್ರೀಯ ಓದಿಗೆ ಕಂಪ್ಯೂಟರ್ ಓಡುತ್ತಿರುತ್ತದೆ, ಅವ್ವನ ಗೋಧಿಗೆ ಮಾತ್ರ ಓಡುವುದಿಲ್ಲ. ದಾರಿಯುದ್ದಕ್ಕೂ ಸಣ್ಣಸ್ವಾಮಿ ಹಾರ್ನ್ ಹೊಡೆಯುತ್ತ ಬಂದ. ಎದುರಿಗೆ ಯಾವ ವಾಹನವೂ ಇರಲಿಲ್ಲ. ಎದೆಯೊಳಗಿನ ಸಂಭ್ರಮಕ್ಕೆ ಬೇರೆ ದಾರಿಯಿರಲಿಲ್ಲ.

ಭಾನುವಾರ ಮಧ್ಯಾಹ್ನ ಹೆಂಗಸರು ಮೂವರೂ ಪಕ್ಕದ ಮನೆಯ ಸೀಮಂತಕ್ಕೆ ಹೋದರು. ಸಣ್ಣಸ್ವಾಮಿ ಹೊಟ್ಟೆನೋವಿನ ನೆಪ ಹೇಳಿ ಉಳಿದ. (ಸೀಮಂತದ ಹೋಳಿಗೆಯನ್ನು ಆತ ದೇಶಕ್ಕಾಗಿ ತ್ಯಾಗ ಮಾಡಿದನೆಂಬುದನ್ನು ಇಲ್ಲಿ ದಾಖಲಿಸಬೇಕು.) ಮುಂಬಾಗಿಲಿಗೆ ಅಗುಳಿ ಹಾಕಿ, ಕಿಟಕಿಯ ಪರದೆ ಎಳೆದು, ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕುಳಿತ. ಮೌಸು ಅಂಗೈಯೊಳಗೆ ಮೀನಿನಂತೆ ಜಾರಿತು. ಹಲ್ಲುಚಕ್ರದ ಗುರುತು ಒತ್ತಿದಾಗ ಸೆಟ್ಟಿಂಗ್ಸ್ ತೆರೆಯಿತು. ಒಂದರ ಕೆಳಗೊಂದು ಸಾಲಾಗಿ ಹೆಸರುಗಳು. ನೆಟ್ಟ ಸಸಿಗಳ ನಡುವೆ ಕಳೆ ಹುಡುಕುವವನಂತೆ ಆತ ಒಂದೊಂದನ್ನೂ ಬೆರಳಿಟ್ಟು ಓದಿದ. ಗೇಮಿಂಗ್! ಒತ್ತಿದ. ಅದರೊಳಗೆ ಗೇಮ್ ಮೋಡ್! ಒತ್ತಿದ. ಅಲ್ಲಿತ್ತು, ನೀಲಿ ಬಣ್ಣದ ಪುಟ್ಟ ಗುಂಡಿ, ‘ಆನ್’ ಎಂದು ಬರೆದುಕೊಂಡು, ಎರಡು ವಾರದಿಂದ ಈ ಮನೆಯನ್ನು ಹಾಳುಗೆಡವಿದ್ದೇ ತಾನಲ್ಲವೆಂಬಷ್ಟು ಮುಗ್ಧವಾಗಿ.

ಒಂದು ಗಳಿಗೆ ಸಣ್ಣಸ್ವಾಮಿಯ ಕೈ ಹಿಂದೆಗೆಯಿತು. ಎಷ್ಟೆಂದರೂ ಆತ ಒಕ್ಕಲು ಮಗ. ಗಾಳಿಗೆ ತೊನೆದಾಡುವ ಬಂಗಾರದಂಥ ತೆನೆಗಳು ಕಣ್ಣೆದುರು ಬಂದವು. “ಬೇರೆ ದಾರಿಯಿಲ್ಲ ತಾಯಿ,” ಎಂದು ಯಾವ ಸೀಮೆಯದೋ ಆ ಭೂಮಿತಾಯಿಗೆ ಕೈಮುಗಿದು ಗುಂಡಿಯ ಮೇಲೆ ಒತ್ತಿದ. ಗುಂಡಿ ಎಡಕ್ಕೆ ಸರಿಯಿತು. ನೀಲಿ ಹೋಗಿ ಬೂದಿಯ ಬಣ್ಣವಾಯಿತು. ‘ಆಫ್.’ ಯಾವ ಸದ್ದೂ ಇಲ್ಲ, ಹೊಗೆಯೂ ಇಲ್ಲ. ಇಷ್ಟು ಸುಲಭವಾಗಿ ಸಾಮ್ರಾಜ್ಯವೊಂದು ಬಿದ್ದುಹೋಗುತ್ತದೆಯೇ! ಕಂಪ್ಯೂಟರನ್ನು ನಂದಿಸಿ, ಬೆರಳಿನ ಗುರುತು ಉಳಿಯದಂತೆ ಮೌಸನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ಅಗುಳಿ ತೆಗೆದು, ಹಜಾರದ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಿದ.

ಹೆಂಗಸರು ಬಂದರು. ಸೀರೆ ಬದಲಿಸುವುದಕ್ಕೂ ಮೊದಲೇ ನಿಂಗಮ್ಮ ಮುಕ್ಕಾಲಿ ಎಳೆದರು. “ವೀಣಾ, ಬಾರವ್ವ. ಬೆಳಕಿರುವಾಗ್ಲೇ ಒಂದು ಸಾಲಾದ್ರೂ ಕುಯ್ಯಾಣ.”

ಸಣ್ಣಸ್ವಾಮಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕಿವಿ ನಿಮಿರಿಸಿದ. ಕಂಪ್ಯೂಟರು ಎದ್ದಿತು. ಆಟದ ಸಂಗೀತ ಕೇಳಿಸಿತು. (ಸಂಗೀತ ಬಂದರೇನಂತೆ, ಎಂಜಿನ್ ಸದ್ದು ಮಾಡಲಿ; ಹಲ್ಲು ತಿರುಗುವುದಿಲ್ಲವಲ್ಲ.) ಈಗ ನಿಲ್ಲುತ್ತದೆ, ಈಗ ಅವ್ವ ಹಣೆ ಚಚ್ಚಿಕೊಳ್ಳುತ್ತಾಳೆ, ಈಗ ತಾನು ಸಂತಾಪ ಸೂಚಿಸಲು ಏಳಬೇಕು…

“ಅಯ್ಯಯ್ಯಯ್ಯೋ!” ಎಂದು ವೀಣಾ ಕಿರುಚಿದಳು.

ಸಣ್ಣಸ್ವಾಮಿ ಪೇಪರು ಬಿಸಾಡಿ ಓಡಿದ. “ಏನಾಯ್ತೆ? ನಿಂತೋಯ್ತಾ? ಛೆ, ಛೆ, ಪಾಪ…”

“ನಿಂತೋಗೋದಾ? ಹಾರ್ತಾ ಅದೆ ಕಣ್ರೀ, ನೋಡ್ರಿಲ್ಲಿ!”

ಕಟಾವು ಯಂತ್ರ ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಗುತ್ತಿತ್ತು. ತಟಕ್ಕಿಲ್ಲ, ತಡವರಿಕೆಯಿಲ್ಲ. ತೆನೆಗಳು ಸಾಲುಸಾಲಾಗಿ ಮಲಗಿದವು. ವೀಣಾ ಬೆರಳು ಇಟ್ಟಲ್ಲಿ ತಿರುಗಿತು, ಎತ್ತಿದಲ್ಲಿ ನಿಂತಿತು. ನಿಂಗಮ್ಮ ಮುಕ್ಕಾಲಿಯಿಂದ ಎದ್ದೇಬಿಟ್ಟರು. “ಹಿಂಗೆ! ಹಿಂಗೆ ಕಣೇ ನನ್ ಸೊಸೆ! ಹೊಡಿ, ಹೊಡಿ, ಆ ಮೂಲೆ ಬುಡ್ಬೇಡ!” ಎಂದು ಕೋಲಿನಿಂದ ಪರದೆಯ ಮೇಲೆ ಇನ್ನೆರಡು ಬದು ನಿರ್ಮಿಸಿದರು. ದೀಪ ಹಚ್ಚುವ ಹೊತ್ತಿಗೆ ಹೊಲ ಬೋಳಾಗಿ ಮಲಗಿತ್ತು, ಗೋಧಿಯೆಲ್ಲ ಹೊಲದ ಅಂಚಿನ ಟ್ರೇಲರುಗಳಿಗೆ ತುಂಬಿತ್ತು.

ಓದುವ ಕೋಣೆಯಿಂದ ಬಂದ ದಿವ್ಯಶ್ರೀ ಏನನ್ನೋ ತೆರೆದು ನೋಡಿ ಕಣ್ಣರಳಿಸಿದಳು.

“ಯಾರೋ ಗೇಮ್ ಮೋಡ್ ಆಫ್ ಮಾಡವ್ರೆ!”

“ಅಂದ್ರೆ?” ಎಂದರು ನಿಂಗಮ್ಮ.

“ಆಟ ಜೋರಾಗಿ ಓಡ್ಲಿ ಅಂತ ಕಂಪ್ಯೂಟ್ರೇ ಇಟ್ಟಿರೋ ಏರ್ಪಾಡು ಅಜ್ಜಿ ಅದು. ಬೇರೆ ಕೆಲ್ಸ ಎಲ್ಲ ಹಿಂದಕ್ಕೆ ತಳ್ಳಿ ಆಟಕ್ಕೇ ಶಕ್ತಿ ಕೊಡ್ಬೇಕು. ಆದ್ರೆ ಕೆಲವು ಕಂಪ್ಯೂಟ್ರಲ್ಲಿ ಅದೇ ಅಡ್ಡಗಾಲು. ಆಫ್ ಮಾಡುದ್ರೆ ಸಲೀಸು. ನಂಗೇ ಹೊಳೀಲಿಲ್ಲ ನೋಡಿ. ಯಾರಪ್ಪ ಮಾಡಿದ್ದು?”

ಮನೆಯಲ್ಲಿದ್ದದ್ದು ಒಬ್ಬನೇ. ಮೂರು ಜೊತೆ ಕಣ್ಣುಗಳು ಸಣ್ಣಸ್ವಾಮಿಯ ಮೇಲೆ ನೆಟ್ಟವು. ನಿಂಗಮ್ಮ ಕೋಲೂರಿಕೊಂಡು ಮಗನ ಹತ್ತಿರ ಬಂದರು. ಪೆಟ್ಟು ಬೀಳುತ್ತದೆಂದು ಆತ ತಲೆ ಬಗ್ಗಿಸಿದ. ತಲೆಯ ಮೇಲೆ ಬಿದ್ದದ್ದು ತಾಯಿಯ ಅಂಗೈ.

“ಹೊಟ್ಟೆ ನೋವು ಅಂತ ಸುಳ್ಳು ಹೇಳಿ, ಹೋಳಿಗೆ ಊಟಾನೂ ಬುಟ್ಟು, ಅವ್ವನ ಮಿಷನ್ ರಿಪೇರಿ ಮಾಡಿದ್ದೇನ್ಲಾ ನನ್ ಮಗ್ನೆ!” ಆಕೆಯ ಕಣ್ಣು ತುಂಬಿತ್ತು. “ಗದ್ದೆ ಕಳ್ದ ಅಂತ ನಿನ್ನ ಸುಮ್ಸುಮ್ನೆ ಬೈತಿದ್ದೆ.”

ಐವತ್ತು ವರ್ಷದ ಬಾಳಿನಲ್ಲಿ ತಾಯಿಯಿಂದ ಬೇಸಾಯದ ವಿಷಯಕ್ಕೆ ಬಂದ ಮೊದಲ ಹೊಗಳಿಕೆ ಅದು. ಸತ್ಯ ಸಣ್ಣಸ್ವಾಮಿಯ ನಾಲಗೆಯ ತುದಿಯ ತನಕ ಬಂತು. ಹೊಗಳಿಕೆ ಅದಕ್ಕಿಂತ ತೂಕದ್ದಾಗಿದ್ದುದರಿಂದ ಹಿಂದಿರುಗಿತು. “ಏನೋ, ನಂಗೆ ತಿಳ್ದಂಗೆ ಮಾಡ್ದೆ ಅವ್ವ,” ಎಂದ. ದಿವ್ಯಶ್ರೀ ಮಾತ್ರ ಅಪ್ಪನನ್ನು ಓರೆಗಣ್ಣಿನಿಂದ ನೋಡಿದಳು.

ಆಗ ಆತನಿಗೆ ಮಿಂಚು ಹೊಡೆಯಿತು. ಅರೆ, ಕೊಯ್ಲು ಮುಗಿಯಿತಲ್ಲ! ಕೆಡವಲು ಹೋಗಿ ಗೆದ್ದಿದ್ದೇನಲ್ಲ! “ಹಂಗಾದ್ರೆ ಅವ್ವ, ನಾಳೆ ಬೆಳಿಗ್ಗೆ ಕಾಫಿ?”

“ಗೋಧಿ ಇನ್ನೂ ಹೊಲದ ಅಂಚಲ್ಲಿ ಅದಲ್ಲೋ. ಕಣಜಕ್ಕೆ ಸೇರುದ್ಮೇಲೆ ನಾನೇ ಮುಂದೆ ನಡೀತೀನಿ. ವೀಣಾ, ಹೊಡಿಯವ್ವ ಟ್ರೇಲರ…”

ಕರೆಂಟು ಹೋಯಿತು. ಆ ಸಂಜೆ ಮತ್ತೆ ಬರಲಿಲ್ಲ.

ಸೋಮವಾರ ಮಂಜು ಇನ್ನೂ ತೋಟದಿಂದ ಏಳುವ ಮೊದಲೇ ಚೋಮನ ಗ್ಯಾಂಗು ಬುಟ್ಟಿ ಸಮೇತ ಅಂಗಳಕ್ಕೆ ಬಂದು ನಿಂತಿತು. ಕರೆಂಟೂ ಬಂದಿತ್ತು, ಗೋಧಿಯೂ ಟ್ರೇಲರುಗಳಲ್ಲಿ ಇದ್ದಂತೆಯೇ ಇತ್ತು. ವೀಣಾ ಪೂಜೆಯ ತಟ್ಟೆ ಜೋಡಿಸಬೇಕು, ಇಡೀ ಗ್ಯಾಂಗಿಗೆ ಕಾಫಿ ಕಾಸಬೇಕು. ನಿಂಗಮ್ಮ ಕೋಲಿನಿಂದ ಮಗನನ್ನು ತೋರಿಸಿದರು.

“ರಿಪೇರಿ ಮಾಡ್ದೋನು ನೀನೇ, ಸಾಗ್ಸೋನೂ ನೀನೇ. ಹೋಗು, ಆ ಗೋಧಿ ಕಣಜಕ್ಕೆ ಮುಟ್ಸು. ನಾವು ತಟ್ಟೆ ಹಿಡ್ಕಂಡು ಕಾಯ್ತಿರ್ತೀವಿ.”

“ಅದೇನ್ ಮಹಾ!” ಎಂದ ಸಣ್ಣಸ್ವಾಮಿ. ನಿಜವಾದ ಟ್ರೇಲರನ್ನು ಕೆಸರಿನಲ್ಲಿ ಹಿಂದಕ್ಕೆ ಹೊಡೆದವನು! ತೋಳು ಮಡಚಿ ಕುರ್ಚಿಯಲ್ಲಿ ಕುಳಿತು ವೀಣಾ ತೋರಿಸಿಕೊಟ್ಟ ಗುಂಡಿಯನ್ನು ಒತ್ತಿದ.

ಟ್ರಾಕ್ಟರು ಬಿಟ್ಟ ಬಾಣವಾಯಿತು. ತಟಕ್ಕನೆ ನಿಂತು ಯೋಚಿಸುವ ಹಳೆಯ ಸೌಜನ್ಯ ಅದಕ್ಕೀಗ ಉಳಿದಿರಲಿಲ್ಲ. ಸಣ್ಣಸ್ವಾಮಿ ಬ್ರೇಕಿಗಾಗಿ ಬಲಗಾಲಿನಿಂದ ನೆಲವನ್ನು ಒತ್ತಿದ. ಚಪ್ಪಲಿಯ ಉಂಗುಷ್ಠ ಕಿತ್ತುಬಂತು, ಟ್ರಾಕ್ಟರು ನಿಲ್ಲಲಿಲ್ಲ. ಬಲಕ್ಕೆ ತಿರುಗಿಸಲು ಮೈಯನ್ನೇ ಬಲಕ್ಕೆ ವಾಲಿಸಿದ. ಕುರ್ಚಿ ಬಲಕ್ಕೆ ಹೋಯಿತು, ಟ್ರಾಕ್ಟರು ಎಡಕ್ಕೆ ಹೋಯಿತು. ಕಂಬವೊಂದನ್ನು ಕೆಡವಿ, ಯಾರದೋ ಹೂದೋಟ ದಾಟಿ, ಕಣಜದ ಬಾಗಿಲಿಗೆ ತಲುಪಿದಾಗ ಹಿಂದಕ್ಕೆ ಹೊಡೆಯಬೇಕಾಗಿ ಬಂತು. ಅಷ್ಟರಲ್ಲಿ ಕಿಟಕಿಯ ಸರಳುಗಳ ಆಚೆ ಇಡೀ ಗ್ಯಾಂಗು ನೆರೆದಿತ್ತು.

“ಗೌಡ್ರೆ, ಬಲಕ್ಕೆ ಹೊಡೀರಿ!”

“ಎಡಕ್ಕೆ ಕಣೋ! ಟ್ರೇಲರ್ ಬಲಕ್ಕೆ ಬರ್ಬೇಕು ಅಂದ್ರೆ ಗಾಡಿ ಎಡಕ್ಕೆ!”

“ಕ್ಲಚ್ಚು! ಕ್ಲಚ್ ಹಿಡೀರಿ!”

“ಕ್ಲಚ್ಚು ಎಲ್ಲಿ ಅದೆ ಇದ್ರಲ್ಲಿ?” ಎಂದು ಸಣ್ಣಸ್ವಾಮಿ ಗುಂಡಿಗಳ ಮೇಲೆ ಅಂಗೈ ಪೂರ್ತಿ ಇಟ್ಟ. “ದಿವ್ಯಾ! ದಿವ್ಯಾ, ಓಡಿ ಬಾರವ್ವ! ಆ ಗೇಮ್ ಮೋಡು ಮತ್ತೆ ಆನ್ ಮಾಡು! ಮೊದ್ಲಿನಂಗೆ ನಿಂತ್ ನಿಂತ್ ಹೋಗ್ಲಿ!”

ದಿವ್ಯಶ್ರೀ ಬಾಗಿಲಿಗೊರಗಿ ನಿಂತಳು. “ಅಪ್ಪಾಜಿ, ನಿಜ ಹೇಳಿ. ನೀವು ನಿನ್ನೆ ಆಫ್ ಮಾಡಿದ್ದು ಓಡ್ಲಿ ಅಂತ್ಲಾ, ನಿಲ್ಲಿ ಅಂತ್ಲಾ?”

“ಅದೆಲ್ಲ ಆಮೇಲೆ ಕೇಳವ್ವ! ಮೊದ್ಲು ಹಿಡಿ ಇದ್ನ!”

“ಯಾರೂ ಮುಟ್ಕೂಡ್ದು!” ಪೂಜೆಯ ತಟ್ಟೆ ಹಿಡಿದ ನಿಂಗಮ್ಮನ ಧ್ವನಿ ಬಾಗಿಲಿನಿಂದ ಗುಡುಗಿತು. “ನನ್ ಮಗ ಕಷ್ಟಪಟ್ಟು ಸರಿ ಮಾಡಿರೋ ಮಿಷನ್ನ ಮತ್ತೆ ಕೆಡಸ್ತೀರಾ?”

ತಾಯಿಯ ಧ್ವನಿಗೆ ಬೆಚ್ಚಿದ ಮಗನ ಬೆರಳು ಎಲ್ಲೋ ಬಿತ್ತು. ಟ್ರಾಕ್ಟರು ಹಿಮ್ಮುಖವಾಗಿ ಚಿಮ್ಮಿತು. ಟ್ರೇಲರು ಮಡಚಿಕೊಂಡು, ಒಂದು ಚಕ್ರದ ಮೇಲೆ ಎದ್ದು ನಿಂತು, ಸಾಕಷ್ಟು ಗಾಂಭೀರ್ಯದಿಂದ ಪಕ್ಕದ ಕಾಲುವೆಗೆ ಮಗುಚಿತು. ಬಂಗಾರದ ಬಣ್ಣದ ಗೋಧಿ ದಡದ ಮೇಲೆಲ್ಲ ಹರಡಿತು. ಕಿಟಕಿಯ ಆಚೆ ಗ್ಯಾಂಗಿನ ಹೆಂಗಸರು ಒಂದೇ ಉಸಿರಿಗೆ “ಹೋ!” ಎಂದರು. ಅವರಲ್ಲಿ ಒಬ್ಬಾಕೆ ಲೊಚಗುಟ್ಟಿದಳು ಕೂಡ.

ನಿಂಗಮ್ಮ ತಟ್ಟೆಯನ್ನು ಸೊಸೆಯ ಕೈಗೆ ಕೊಡಹೋಗಿ, ಸೊಸೆಯೇ ಬೇಕಾದದ್ದು ಕುರ್ಚಿಗೆ ಎಂಬುದು ನೆನಪಾಗಿ, ಮೊಮ್ಮಗಳ ಕೈಗೆ ಕೊಟ್ಟರು. “ವೀಣಾ, ನೀನು ಕೂರು. ಇವ್ನು ಏಳ್ಲಿ.”

“ಅವ್ವ, ಹೊರಗೆ ಜೀಪ್ ಬಂದದೆ,” ಎಂದು ಸಣ್ಣಸ್ವಾಮಿ ಕಿಟಕಿಯ ಆಚೆ ಕೈ ತೋರಿಸಿದ. ಹೌದು, ಮಾದಾಪುರದ ಜೀಪು ಗೇಟಿನ ಹತ್ತಿರ ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಚೋಮ ಒಮ್ಮೆ ಜೀಪಿನ ಕಡೆ, ಒಮ್ಮೆ ಕಿಟಕಿಯ ಕಡೆ ನೋಡುತ್ತಿದ್ದ. “ಅವಳು ಮುಗ್ಸೋ ಹೊತ್ಗೆ ಇವ್ರೆಲ್ಲ ಹೊಂಟೋಯ್ತಾರೆ. ಕೈ ಮುಗೀತೀನಿ, ಏನಾದ್ರೂ ಒಂದು ಕೆಲ್ಸ ಶುರು ಮಾಡ್ಸವ್ವ ತೋಟದಲ್ಲಿ!”

ನಿಂಗಮ್ಮ ಕಟ್ಟಳೆಯನ್ನು ಮನಸ್ಸಿನಲ್ಲೇ ಆ ಕಡೆ ಈ ಕಡೆ ಮಗುಚಿ ನೋಡಿದರು. ಆಮೇಲೆ ತೀರ್ಪು ಕೊಟ್ಟರು.

“ಗಿಡದಲ್ಲಿರೋದು ಫಸಲು. ಅದ್ನ ಮುಟ್ಟಂಗಿಲ್ಲ. ನೆಲಕ್ಕೆ ಬಿದ್ದಿರೋದು ಫಸಲಲ್ಲ, ಆರಿಸ್ಬೋದು. ಗೋಧಿ ಚೆಲ್ದೋನೇ ಹಣ್ಣು ಆರಿಸ್ಲಿ.”

ಹೀಗೆ, ಏಳೆಕರೆಯ ಒಡೆಯನಾದ ಸಣ್ಣಸ್ವಾಮಿ ಗೋಣಿಚೀಲ ಹಿಡಿದು, ತನ್ನದೇ ತೋಟದ ಗಿಡಗಳ ಬುಡದಲ್ಲಿ ಮಂಡಿಯೂರಿ ಉದುರು ಹಣ್ಣು ಆರಿಸತೊಡಗಿದ. ಗ್ಯಾಂಗಿನವರು ಸಾಲಾಗಿ ಕುಳಿತು ಕಾಫಿ ಕುಡಿಯುತ್ತ ಆ ಅಪೂರ್ವ ದೃಶ್ಯ ನೋಡಿದರು. ಇಂಥದನ್ನು ಬಿಟ್ಟು ಮಾದಾಪುರಕ್ಕೆ ಹೋಗುವ ಮನಸ್ಸು ಒಬ್ಬರಿಗೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದ ಜೀಪು ಖಾಲಿಯಾಗಿ ಹಿಂದಿರುಗಿತು.

“ಗೌಡ್ರೆ, ಎಲೆ ಕೆದ್ಕಿ ನೋಡಿ, ಅಡಿಯಲ್ಲೂ ಇರ್ತವೆ,” ಎಂದು ಚೋಮ ಲೋಟ ಹಿಡಿದು ಮೇಲ್ವಿಚಾರಣೆ ಮಾಡಿದ.

ಸಣ್ಣಸ್ವಾಮಿ ಒಂದು ಹಳೆಯ ಗಿಡದ ಕೆಳಗೆ ನುಸುಳಿ, ರೆಂಬೆಗಳ ಬಲೆಯೊಳಗೆ ತಲೆ ಸಿಕ್ಕಿಸಿಕೊಂಡಿದ್ದಾಗ, ಕೆಂಜಿರುವೆಗಳು ಅಂಗಿಯ ಬೆನ್ನಿನ ಕಡೆಯಿಂದ ಇಳಿದುಬರುತ್ತಿದ್ದಾಗ, ಮನೆಯ ಕಿಟಕಿಯಿಂದ ವೀಣಾ ಕೂಗಿದ್ದು ಕೇಳಿಸಿತು: “ಅತ್ತೇ, ಮುಗೀತು! ಎಲ್ಲ ಕಣಜಕ್ಕೆ ಸೇರ್ತು!”

ಅಂಗಳದಲ್ಲಿ ಗಂಟೆ ಅಲುಗಿತು. ಕರ್ಪೂರದ ವಾಸನೆ ಬಂತು. ನಿಂಗಮ್ಮನ ಬಳೆಯ ಸದ್ದು ಎಲ್ಲೋ ಮೇಲುಗಡೆ, ಬಹಳ ಹತ್ತಿರದಲ್ಲೇ ಕೇಳಿಸಿತು. ಗ್ಯಾಂಗಿನ ಹೆಂಗಸರೆಲ್ಲ ಒಟ್ಟಿಗೆ ಕೇಕೆ ಹಾಕಿದರು, ಬುಟ್ಟಿಗಳು ಎದ್ದವು, ಸರಸರನೆ ಕೈಗಳು ಗಿಡಗಳಿಗೆ ಬಿದ್ದವು. ಸಣ್ಣಸ್ವಾಮಿ ರೆಂಬೆಗಳಿಂದ ಕೂದಲು ಬಿಡಿಸಿಕೊಂಡು, ಬೆನ್ನು ಕೆರೆದುಕೊಳ್ಳುತ್ತ ಹೊರಬಂದಾಗ ಕೊಯ್ಯುವ ಹೆಂಗಸರು ಆಗಲೇ ಸಾಲಿನ ಆ ತುದಿಯಲ್ಲಿದ್ದರು.

“ಆಗೋಯ್ತಾ ಅವ್ವ? ನಂಗೆ ಕಾಣ್ಲೇ ಇಲ್ವಲ್ಲ!”

“ಮೊದಲ್ನೇ ಹಿಡೀನ ಎರಡ್ ಸಲ ಕೀಳಕ್ಕಾಯ್ತದೇನ್ಲಾ? ಮುಂದಿನ್ ವರ್ಷ ನೋಡ್ಕೊ.” ನಿಂಗಮ್ಮ ಮಗನ ಅಂಗಿಯ ಮೇಲಿನ ಇರುವೆಗಳನ್ನು ಸೆರಗಿನಿಂದ ಕೊಡವಿದರು. ಆಮೇಲೆ, ನಡೆದದ್ದನ್ನೆಲ್ಲ ತೂಗಿ ನೋಡಿ ನ್ಯಾಯವಾದ ಮಾತು ಆಡಬೇಕೆಂಬಂತೆ, ಚೋಮನ ಕಡೆ ತಿರುಗಿದರು. “ಮಿಷನ್ ಸರಿ ಮಾಡೋದ್ರಲ್ಲಿ ನನ್ ಮಗನ್ನ ಮೀರ್ಸೋರಿಲ್ಲ ಕಣೋ. ಬೇಸಾಯ ಮಾತ್ರ ಬರಕ್ಕಿಲ್ಲ.”